ಓರಗಿತ್ತಿ ಹಾಕಿದ ಲಿಂಕ್

ದೊಡ್ಡತ್ತಿಗೆಯನ್ನು ಮೊದಲು ಹಾಗೆ ಕರೆದವನು ಅವಳ ಮೈದುನ. ಅವನಿಗೆ ಅವಳು ಅತ್ತಿಗೆ, ಅದರಲ್ಲಿ ತಪ್ಪೇನಿಲ್ಲ. ಆಮೇಲೆ ದಾರದ ಅಂಗಡಿಯವನು ಹಾಗೆಯೇ ಕರೆದ, ಮೆಷಿನ್ ರಿಪೇರಿಯವನೂ ಕರೆದ. ಕೊನೆಗೆ ಒಂದು ದಿನ ಕೆಲಸದ ಗಡಿಬಿಡಿಯಲ್ಲಿ ಸ್ವಂತ ಗಂಡನೇ "ದೊಡ್ಡತ್ತಿಗೇ, ಆ ನೀಲಿ ದಾರ ಎಲ್ಲಿಟ್ಟೆ?" ಎಂದು ಕೂಗಿ, ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ. ಆಗಿನ್ನೂ ಮೈದುನನಿಗೆ ಮದುವೆಯಾಗಿರಲಿಲ್ಲ. ಚಿಕ್ಕವಳು ಎಂಬುವಳೊಬ್ಬಳು ಮನೆಯಲ್ಲಿ ಇಲ್ಲದೆಯೇ ಇವಳು ಎಷ್ಟೋ ವರ್ಷ ದೊಡ್ಡವಳಾಗಿದ್ದಳು, ಮತ್ತು ಹಾಗೆ ಇರುವುದು ಅವಳಿಗೆ ಬಹಳ ಹಿತವಾಗಿತ್ತು.

ಮನೆಯ ಕೆಳಗಿನ ಅಂತಸ್ತೇ ಅವರ ಕಸೂತಿ ಕಾರ್ಖಾನೆ. ಕಾರ್ಖಾನೆ ಎನ್ನುವುದು ಬಾಗಿಲ ಮೇಲಿನ ಬೋರ್ಡಿನ ಮಾತು. ಇದ್ದದ್ದು ಒಂದು ಉದ್ದನೆಯ ಕೋಣೆ, ಅದರಲ್ಲಿ ಸಾಲು ಸೂಜಿತಲೆಗಳ ಒಂದು ಕಸೂತಿ ಮೆಷಿನ್, ಗೋಡೆ ತುಂಬ ದಾರದ ಉಂಡೆಗಳು, ಕಿಟಕಿಯ ಬಳಿ ಒಂದು ಕಂಪ್ಯೂಟರ್. ಮೆಷಿನ್ ನೋಡಿಕೊಳ್ಳುವವನು ಗಂಡ. ಆರ್ಡರ್ ತರುವುದು, ಮಾಲು ತಲುಪಿಸುವುದು ಮೈದುನ. ಹೊಲಿದು ಬಂದ ಬಟ್ಟೆಯ ಬೆನ್ನಿನಲ್ಲಿ ಜೋತಾಡುವ ದಾರದ ತುದಿಗಳನ್ನು ಕತ್ತರಿಸಿ, ಹೆಬ್ಬೆರಳಿನಿಂದ ಸವರಿ, ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಅತ್ತೆ. ಕಂಪ್ಯೂಟರಿನ ಮುಂದಿನ ಕುರ್ಚಿ ದೊಡ್ಡತ್ತಿಗೆಯದು.

ಆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ನೋಡುವವರಿಗೆ ಆಟದ ಹಾಗೆ ಕಾಣುತ್ತದೆ. ಗಿರಾಕಿ ಒಂದು ಚಿತ್ರ ಕೊಡುತ್ತಾನೆ, ಅದನ್ನು ಹೊಲಿಗೆ ಮಾಡಿ ಮೆಷಿನ್ನಿಗೆ ಉಣಿಸಬೇಕು, ಅಷ್ಟೇ. ಆದರೆ ಸೂಜಿ ಬಿದ್ದಲ್ಲೆಲ್ಲ ಬಟ್ಟೆ ಸೆಳೆದುಕೊಳ್ಳುತ್ತದೆ. ಟವೆಲಿನ ಜುಂಗು ಹೊಲಿಗೆಯನ್ನು ನುಂಗಿಬಿಡುತ್ತದೆ, ಅದಕ್ಕೆ ಕೆಳಗೊಂದು ಅಡಿಹೊಲಿಗೆ ಹಾಕಬೇಕು. ಟೋಪಿಯ ಮೇಲಿನ ಅಕ್ಷರಗಳನ್ನು ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಹೋಗಬೇಕು, ಇಲ್ಲದಿದ್ದರೆ ಕೊನೆಯ ಅಕ್ಷರ ಕಿವಿಯ ಮೇಲೆ ಹೋಗಿ ಕೂರುತ್ತದೆ. ಯಾವ ಬಟ್ಟೆ ಎಷ್ಟು ಸೆಳೆಯುತ್ತದೆ ಎಂದು ಮೊದಲೇ ಊಹಿಸಿ ಅಷ್ಟು ಹೆಚ್ಚು ಬರೆಯುವುದರಲ್ಲಿ ದೊಡ್ಡತ್ತಿಗೆ ಎತ್ತಿದ ಕೈ. ಶಾಲೆಯ ಬ್ಯಾಡ್ಜು, ಆಸ್ಪತ್ರೆಯ ಹೊದಿಕೆ, ಕ್ಲಬ್ಬಿನ ಟೋಪಿ, ಹೋಟೆಲಿನ ಟವೆಲು, ಎಲ್ಲದರ ಡಿಸೈನೂ ಅವಳ ಕೈಯಿಂದಲೇ ಹುಟ್ಟಿ, ಆ ಕಂಪ್ಯೂಟರಿನ ಎರಡನೆಯ ಡಿಸ್ಕಿನ ಒಂದು ಫೋಲ್ಡರಿನಲ್ಲಿ ಕೂತಿದ್ದವು.

ಅತ್ತೆ ಹೊಗಳುವ ಪೈಕಿಯಲ್ಲ. ಬಟ್ಟೆ ಸವರಿ "ಹೂಂ" ಎಂದರೆ ಪಾಸಾದ ಹಾಗೆ. ಒಂದೇ ಒಂದು ಸಲ, ಮನೆಗೆ ಬಂದ ನೆಂಟರೊಬ್ಬರಿಗೆ, "ಇವಳ ಕೈ ಇರೋದಕ್ಕೆ ಈ ಮನೆ ನಡೀತಿದೆ ನೋಡಿ" ಎಂದದ್ದನ್ನು ದೊಡ್ಡತ್ತಿಗೆ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಸ್ಟವ್ ಮೇಲಿನ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ಎಷ್ಟೋ ವರ್ಷ ಆ ಒಂದು ಮಾತನ್ನೇ ತಿಂದುಕೊಂಡು ಬದುಕಿದಳು ಎಂದರೂ ನಡೆಯುತ್ತದೆ.

ಅಂಥ ಮನೆಗೆ ಚಿಕ್ಕವಳು ಬಂದಳು.

ಮೈದುನನ ಹೆಂಡತಿ. ಮದುವೆಗೆ ಮುಂಚೆ ಯಾವುದೋ ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದವಳು. ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ, ಬಟ್ಟೆಯ ಮುಖ ಯಾವುದು ಬೆನ್ನು ಯಾವುದು ಎಂದು ಕೇಳುತ್ತಿದ್ದಳು. ಅವಳು ಬಂದ ಹೊಸದರಲ್ಲಿ ದೊಡ್ಡತ್ತಿಗೆಗೆ ಅವಳ ಮೇಲೆ ಒಳ್ಳೆಯ ಅಕ್ಕರೆಯೇ ಇತ್ತು. ಏನೂ ಬಾರದವಳ ಮೇಲೆ ಅಕ್ಕರೆ ಇಟ್ಟುಕೊಳ್ಳುವುದು ಏನು ಕಷ್ಟ? "ಪಾಪ, ಕಲೀತಾಳೆ" ಎಂದು ತಾನೇ ಎಲ್ಲರಿಗೂ ಹೇಳುತ್ತಿದ್ದಳು.

ಕಂಪ್ಯೂಟರ್ ಕೈಕೊಟ್ಟದ್ದು ಆಗಲೇ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಒಳಗಿನಿಂದ ಕಟಕಟ ಸದ್ದು ಬಂತೇ ಹೊರತು ಪರದೆ ಬೆಳಗಲಿಲ್ಲ. ರಿಪೇರಿಯವನು ಹೊತ್ತುಕೊಂಡು ಹೋದ. ಅದು ಹಿಂದಿರುಗುವ ತನಕ ಮೆಷಿನ್ ಬಾಯಿ ಮುಚ್ಚಿಕೊಂಡು ನಿಂತಿತ್ತು, ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಅಂತೂ ತಂದು ಇಟ್ಟವನು ಬೆವರು ಒರೆಸಿಕೊಳ್ಳುತ್ತ ಹೇಳಿದ: "ಈ ಸಲ ಹೇಗೋ ಉಳ್ಕೊಂಡಿದೆ. ಇನ್ನೊಂದ್ಸಲ ಈ ಡಿಸ್ಕ್ ಹೋದ್ರೆ ನನ್ನ ಕೈಲಿಲ್ಲ. ಡಿಸೈನ್‌ಗಳಿಗೆ ಒಂದು ನಕಲು ಇಟ್ಕೊಳ್ಳಿ ಮಾರಾಯ್ರೆ."

ಆಗ ಬಾಯಿ ಬಿಟ್ಟಳು ಚಿಕ್ಕವಳು. "ಕ್ಲೌಡಲ್ಲಿ ಬ್ಯಾಕಪ್ ಇಡೋಣ. ನನ್ನ ಅಕೌಂಟಲ್ಲಿ ಬೇಕಾದಷ್ಟು ಜಾಗ ಇದೆ."

"ಅಂದ್ರೆ?" ಎಂದರು ಅತ್ತೆ.

"ಅಂದ್ರೆ ನಮ್ಮ ಡಿಸೈನೆಲ್ಲ ಇಂಟರ್ನೆಟ್ಟಲ್ಲಿ ಬೇರೆ ಕಡೆ ಒಂದು ಪ್ರತಿ ಇರುತ್ತೆ ಅತ್ತೆ. ಈ ಕಂಪ್ಯೂಟರ್ ಸುಟ್ಟು ಬೂದಿಯಾದ್ರೂ ಅದು ಇರುತ್ತೆ."

ಅತ್ತೆಯ ಕಣ್ಣು ಅರಳಿದ್ದನ್ನು ದೊಡ್ಡತ್ತಿಗೆ ನೋಡಿದಳು. ನೋಡಬಾರದಿತ್ತು.

ಒಂದು ತೊಡಕಿತ್ತು. ಕ್ಲೌಡಿನದು ತನ್ನದೇ ಒಂದು ಫೋಲ್ಡರ್, ಅದರೊಳಗೆ ಇದ್ದದ್ದನ್ನು ಮಾತ್ರ ಅದು ಮೇಲಕ್ಕೆ ಒಯ್ಯುತ್ತದೆ. ಡಿಸೈನುಗಳನ್ನು ಅಲ್ಲಿಗೆ ಸಾಗಿಸೋಣ ಎಂದರೆ ಕಸೂತಿಯ ಹಳೇ ತಂತ್ರಾಂಶ ಹಟಮಾರಿ, ಎರಡನೆಯ ಡಿಸ್ಕಿನ ಅದೇ ಜಾಗದಲ್ಲಿ ಹುಡುಕುತ್ತದೆ, ಅಲ್ಲಿಲ್ಲದಿದ್ದರೆ ಇಲ್ಲ ಎನ್ನುತ್ತದೆ. ಚಿಕ್ಕವಳು ಕಪ್ಪು ಕಿಟಕಿಯೊಂದನ್ನು ತೆರೆದು ಒಂದೇ ಸಾಲು ಟೈಪ್ ಮಾಡಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಕ್ಲೌಡಿನ ಫೋಲ್ಡರಿನಲ್ಲಿ ಹೊಸದೊಂದು ಫೋಲ್ಡರ್ ಮೂಡಿತ್ತು, ಮೂಲೆಯಲ್ಲಿ ಚಿಕ್ಕದೊಂದು ಬಾಗಿದ ಬಾಣದ ಗುರುತು.

"ಅಕ್ಕ, ನೋಡಿ ಇಲ್ಲಿ. ಇದಕ್ಕೆ ಲಿಂಕ್ ಅಂತಾರೆ. ನಿಮ್ಮ ಡಿಸೈನ್‌ಗಳು ಇದ್ದ ಜಾಗದಲ್ಲೇ ಇವೆ, ಅಲ್ಲಾಡಿಸಿಲ್ಲ. ಇದು ಬರೀ ಇನ್ನೊಂದು ಬಾಗಿಲು. ಕೋಣೆ ಅದೇ. ಕ್ಲೌಡು ಈ ಬಾಗಿಲಿಂದ ಒಳಗೆ ಹೋಗಿ ನೋಡ್ಕೊಂಡು ಪ್ರತಿ ಮಾಡ್ಕೊಳ್ಳುತ್ತೆ. ಅದಕ್ಕೇ ಇಲ್ಲಿ ಏನಾದ್ರೂ..."

"ಗೊತ್ತಾಯ್ತು, ಗೊತ್ತಾಯ್ತು" ಎಂದಳು ದೊಡ್ಡತ್ತಿಗೆ.

ಏನು ಗೊತ್ತಾಯಿತು, ಮಣ್ಣು! ಅವಳು ಒಂದಕ್ಷರ ತಲೆಗೆ ಹಾಕಿಕೊಂಡಿರಲಿಲ್ಲ. ಅವಳ ಕಣ್ಣಿದ್ದದ್ದು ತನ್ನ ಕುರ್ಚಿಯ ಮೇಲೆ, ಅದರಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ ಚಿಕ್ಕವಳ ಮೇಲೆ. ಕಿವಿಯಿದ್ದದ್ದು ಅತ್ತೆಯ ಮಾತಿನ ಮೇಲೆ. ಅತ್ತೆ ಕಿರಿಮಗನ ಭುಜ ತಟ್ಟಿ ಹೇಳುತ್ತಿದ್ದರು: "ನಿನ್ನ ಹೆಂಡ್ತಿ ಬರದೇ ಇದ್ದಿದ್ರೆ ನಮ್ಮೆಲ್ಲರ ಗತಿ ಏನಾಗ್ತಿತ್ತೋ! ಮನೆ ಉಳಿಸಿದ್ಲು ನೋಡು."

ಮನೆ ಉಳಿಸಿದಳಂತೆ! ಒಂದು ಸಾಲು ಟೈಪ್ ಮಾಡಿ! ಬೆನ್ನು ಬಗ್ಗಿ, ಕಣ್ಣಿಗೆ ಕನ್ನಡಕ ಬಂದು, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಆ ಡಿಸೈನುಗಳನ್ನು ಹೊಲಿಗೆ ಹೊಲಿಗೆಯಾಗಿ ಕೂಡಿಸಿದವಳಿಗೆ "ಹೂಂ". ಒಂದು ಬಾಗಿಲು ಇಟ್ಟವಳಿಗೆ ಮನೆ ಉಳಿಸಿದ ಪಟ್ಟ. ದೊಡ್ಡತ್ತಿಗೆಗೆ ಅಂದು ಊಟ ಸೇರಲಿಲ್ಲ. ಯಾಕೆ ಎಂದು ಗಂಡ ಕೇಳಿದ. ತಲೆನೋವು ಎಂದಳು. ಮಾತ್ರೆ ತಂದುಕೊಟ್ಟವಳು ಚಿಕ್ಕವಳೇ.

ಹೊಟ್ಟೆಕಿಚ್ಚಿಗೆ ಒಂದು ಗುಣವಿದೆ, ಸೌದೆ ಯಾರೂ ತಂದುಹಾಕಬೇಕಾಗಿಲ್ಲ. ಅಲ್ಲಿಂದಾಚೆಗೆ ಚಿಕ್ಕವಳು ನಕ್ಕರೆ ತಪ್ಪು, ಸುಮ್ಮನಿದ್ದರೆ ಗುಮ್ಮನಗುಸಕಿ. ಚಹಾ ಮಾಡಿದರೆ ಅತ್ತೆಗೆ ಬೆಣ್ಣೆ ಹಚ್ಚುವುದಕ್ಕೆ, ಮಾಡದಿದ್ದರೆ ಸೊಕ್ಕು. ಅತ್ತೆ ಫೋನಿನಲ್ಲಿ ಏನಾದರೂ ಕೆಟ್ಟರೆ ಅವಳನ್ನೇ ಕೂಗುತ್ತಿದ್ದರು, ಕನ್ನಡಕ ಕಾಣದಿದ್ದರೂ ಅವಳನ್ನೇ ಕೂಗುತ್ತಿದ್ದರು. ಕನ್ನಡಕ ಹುಡುಕುವುದಕ್ಕೂ ಕಂಪ್ಯೂಟರ್ ಕಲಿತಿರಬೇಕೇ? ದೊಡ್ಡತ್ತಿಗೆ ಹಲ್ಲು ಕಚ್ಚಿಕೊಂಡು ಹೊಲಿಗೆ ಹಾಕುತ್ತಿದ್ದಳು. ಆ ದಿನಗಳಲ್ಲಿ ಅವಳು ಮಾಡಿದ ಡಿಸೈನುಗಳಲ್ಲಿ ಹೊಲಿಗೆ ಬಿಗಿಯಾಗಿ ಬಟ್ಟೆ ಸುಕ್ಕುಗಟ್ಟುತ್ತಿತ್ತು. ಗಂಡ ಎರಡು ಸಲ ವಾಪಸು ತಂದುಕೊಟ್ಟ.

ಆಮೇಲೆ ಹೋಟೆಲಿನ ಮ್ಯಾನೇಜರಮ್ಮ ಬಂದರು.

ಆ ಹೋಟೆಲಿಗೆ ಹೊಸ ಟವೆಲುಗಳು ಬೇಕಾಗಿದ್ದವು. ಅವರ ಗುರುತು ಒಂದು ಕೊಕ್ಕರೆ, ಒಂಟಿ ಕಾಲಿನ ಮೇಲೆ ನಿಂತದ್ದು. ದೊಡ್ಡತ್ತಿಗೆ ಅದಕ್ಕಾಗಿ ಜೀವ ತೇಯ್ದಿದ್ದಳು. ಕಾಲು ಎಳೆಯಷ್ಟು ಸಣ್ಣ, ಟವೆಲಿನ ಜುಂಗಿನಲ್ಲಿ ಅದು ಮುಳುಗಬಾರದು, ದಪ್ಪವಾಗಿ ಆನೆಯ ಕಾಲೂ ಆಗಬಾರದು. ಅಂತೂ ಗೆದ್ದಿದ್ದಳು. ಮ್ಯಾನೇಜರಮ್ಮ ಬಂದಾಗ ಅವಳು ಮೇಲೆ ಅಡುಗೆಮನೆಯಲ್ಲಿದ್ದಳು. ಇಳಿದು ಬರುವಷ್ಟರಲ್ಲಿ ಚಿಕ್ಕವಳು ತನ್ನ ಫೋನನ್ನು ಅವರ ಮುಂದೆ ಹಿಡಿದಿದ್ದಳು. ಫೋನಿನಲ್ಲಿ ಕೊಕ್ಕರೆ! ಮೇಲೆ, ಮೂಲೆಯಲ್ಲಿ, ದುಂಡಗಿನ ಚೌಕಟ್ಟಿನಲ್ಲಿ ಚಿಕ್ಕವಳ ನಗುಮುಖದ ಫೋಟೊ, ಪಕ್ಕದಲ್ಲಿ ಅವಳ ಹೆಸರು. ಕೆಳಗೆ ಸಾಲಾಗಿ ದೊಡ್ಡತ್ತಿಗೆಯ ಅಷ್ಟೂ ವರ್ಷದ ಡಿಸೈನುಗಳು.

"ಎಷ್ಟು ಚೆನ್ನಾಗಿ ಮಾಡಿದ್ದೀರಮ್ಮ" ಎಂದರು ಮ್ಯಾನೇಜರಮ್ಮ, ಚಿಕ್ಕವಳಿಗೆ.

ಚಿಕ್ಕವಳು ನಕ್ಕಳು. "ಥ್ಯಾಂಕ್ಸ್" ಎಂದಳು. ಆಮೇಲೆ ಬಾಗಿಲ ಬಳಿ ದೊಡ್ಡತ್ತಿಗೆಯನ್ನು ಕಂಡು "ನಮ್ಮಕ್ಕ ಮಾಡಿದ್ದು" ಎಂದೂ ಸೇರಿಸಿದಳು. ಆದರೆ ಆಮೇಲೆ ತಾನೇ! ಕಂಡ ಮೇಲೆ ತಾನೇ!

ದೊಡ್ಡತ್ತಿಗೆಯ ಮೈಯೆಲ್ಲ ಉರಿದುಹೋಯಿತು. ಬ್ಯಾಕಪ್ಪಂತೆ, ಬಾಗಿಲಂತೆ! ಕಳ್ಳತನಕ್ಕೆ ಈಗ ಬ್ಯಾಕಪ್ ಅಂತ ಹೆಸರೇ? ನನ್ನ ಬೆವರನ್ನೆಲ್ಲ ನಕಲು ಮಾಡಿ ತನ್ನ ಹೆಸರಿನ ಕೆಳಗೆ ಜೋಡಿಸಿಕೊಂಡಿದ್ದಾಳೆ. ನಾಳೆ ಇನ್ನೊಂದು ಕಂಪ್ಯೂಟರ್ ತಂದು ಇನ್ನೊಂದು ಕುರ್ಚಿ ಹಾಕಿಕೊಂಡರೆ, ಈ ಕುರ್ಚಿಯಲ್ಲಿ ಕೂತವಳನ್ನು ಯಾರು ಕೇಳುತ್ತಾರೆ? ಈ ಮನೆಯಲ್ಲಿ ನನಗಿರುವುದು ಇದೊಂದೇ ಜಾಗ. ಅದೂ ಹೋದರೆ ಪಾತ್ರೆ ತೊಳೆದುಕೊಂಡು ಬಿದ್ದಿರಬೇಕು. ಹೀಗೆ ಯೋಚಿಸಿದಷ್ಟೂ ಅವಳಿಗೆ ಅದು ನಿಜವೇ ಎನಿಸತೊಡಗಿತು.

ಅವಕಾಶ ತಾನಾಗಿಯೇ ಬಂತು. ಅತ್ತೆಗೆ ಹಲ್ಲುನೋವು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಚಿಕ್ಕವಳೇ ಬೇಕಂತೆ, ಅಪಾಯಿಂಟ್‌ಮೆಂಟನ್ನು ಅವಳು ಫೋನಿನಲ್ಲೇ ತೆಗೆದುಕೊಂಡಳಂತೆ. ಹಿಂದೆಲ್ಲ ಅತ್ತೆಯ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದವಳು ಯಾರು? ಅದನ್ನು ಕೇಳುವವರಿಲ್ಲ. ಗಂಡ, ಮೈದುನ ಇಬ್ಬರೂ ಆಸ್ಪತ್ರೆಯ ಹೊದಿಕೆಗಳ ಗಂಟು ಹೊತ್ತು ಹೋಗಿದ್ದರು. ಮಧ್ಯಾಹ್ನ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದ ಸದ್ದು ಬಿಟ್ಟರೆ ಮನೆ ನಿಶ್ಶಬ್ದ.

ದೊಡ್ಡತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವಳು ದಡ್ಡಿಯಲ್ಲ, ಮೊದಲು ತನ್ನದು ಭದ್ರವಾಗಿದೆಯೇ ಎಂದು ನೋಡಿದಳು. ಎರಡನೆಯ ಡಿಸ್ಕ್ ತೆರೆದಳು. ಎಲ್ಲವೂ ಇತ್ತು, ಕೊಕ್ಕರೆಯೂ ಇತ್ತು. ಸರಿ. ಮುಚ್ಚಿದಳು. ಆಮೇಲೆ ಚಿಕ್ಕವಳ ಕ್ಲೌಡ್ ಫೋಲ್ಡರ್ ತೆರೆದಳು. ಬಾಗಿದ ಬಾಣದ ಗುರುತಿನ ಫೋಲ್ಡರ್ ಅಲ್ಲಿಯೇ ಕೂತಿತ್ತು.

ಇಲ್ಲೊಂದು ಮಾತು ಹೇಳಬೇಕು. ಆ ಫೋಲ್ಡರನ್ನು ಹೊರಗಿನಿಂದ ಹಿಡಿದು ಕಿತ್ತೆಸೆದಿದ್ದರೆ ಹೋಗುತ್ತಿದ್ದದ್ದು ಲಿಂಕ್ ಮಾತ್ರ, ಅಂದರೆ ಬಾಗಿಲು ಮಾತ್ರ. ಕೋಣೆಗೆ ಏನೂ ಆಗುತ್ತಿರಲಿಲ್ಲ. ಚಿಕ್ಕವಳು ಅಂದು ಹೇಳಲು ಹೊರಟದ್ದೂ ಇದನ್ನೇ, "ಇಲ್ಲಿ ಏನಾದ್ರೂ ಅಳಿಸಿದ್ರೆ ಅಲ್ಲೂ ಹೋಗುತ್ತೆ" ಎಂದು. ಆದರೆ ಹೊಟ್ಟೆಕಿಚ್ಚು ಪಟ್ಟವರಿಗೆ ಬಾಗಿಲು ಕಿತ್ತರೆ ತೃಪ್ತಿಯೇ? ಒಳಗೆ ಹೋಗಬೇಕು, ಏನೇನು ಕದ್ದಿದ್ದಾಳೆ ಎಂದು ಕಣ್ಣಾರೆ ನೋಡಬೇಕು, ನೋಡಿ ನೋಡಿ ಅಳಿಸಬೇಕು. ದೊಡ್ಡತ್ತಿಗೆ ಒಳಗೆ ಹೋದಳು. ಶಾಲೆಯ ಬ್ಯಾಡ್ಜು, ಕ್ಲಬ್ಬಿನ ಟೋಪಿ, ಬೇಕರಿಯ ಏಪ್ರನ್ನು, ಎಲ್ಲವೂ ತನ್ನ ಮಕ್ಕಳು ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತ ಹಾಗೆ ಕಂಡವು. ಪ್ರತಿಯೊಂದನ್ನೂ ಹೆಸರು ಓದಿ ಆರಿಸಿದಳು. ಡಿಲೀಟ್ ಒತ್ತಿದಳು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ತೆರೆದು ಖಾಲಿ ಮಾಡಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು. "ಹೂಂ, ನಿಜವಾಗಿಯೂ" ಎಂದು ಬಾಯಿಬಿಟ್ಟು ಹೇಳಿಯೇ ಒತ್ತಿದಳು.

ಎಷ್ಟು ಹಾಯೆನಿಸಿತು! ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಇಳಿಸಿದ ಹಾಗೆ. ಮೇಲೆ ಹೋಗಿ ಒಬ್ಬಳಿಗೇ ಚಹಾ ಮಾಡಿಕೊಂಡು, ಸಕ್ಕರೆ ಜಾಸ್ತಿ ಹಾಕಿಕೊಂಡು, ಕಿಟಕಿಯಲ್ಲಿ ನಿಂತು ಕುಡಿದಳು. ಮುಂದೆ ಮ್ಯಾನೇಜರಮ್ಮ ಬಂದಾಗ ಫೋನ್ ತೆಗೆದು ತೋರಿಸಲಿ, ನೋಡೋಣ! ಆ ಮುಖ ಹೇಗಾಗುತ್ತದೆ ಎಂದು ನೆನೆದು ನಗು ಬಂತು.

ಕೆಳಗೆ ಬಂದು, ಸಂಜೆಗೆ ಮೆಷಿನ್ನಿಗೆ ಹಾಕಬೇಕಾದ ಕೊಕ್ಕರೆಯನ್ನು ಒಮ್ಮೆ ನೋಡಿಬಿಡೋಣ ಎಂದು ತನ್ನ ಫೋಲ್ಡರ್ ತೆರೆದಳು.

ಖಾಲಿ.

ಮುಚ್ಚಿ ತೆರೆದಳು. ಖಾಲಿ. ಕನ್ನಡಕ ಒರೆಸಿಕೊಂಡು ತೆರೆದಳು. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು, ಪರದೆ ಬೆಳಗುವ ತನಕ ಎದುರಿಗೇ ನಿಂತಿದ್ದಳು. ಖಾಲಿ ಎಂದರೆ ಖಾಲಿ. ಆಗ, ಈಗ ಬಂದರೇನು ಪ್ರಯೋಜನ, ಚಿಕ್ಕವಳ ಮಾತು ಕಿವಿಗೆ ಬಂತು. ಇದು ಬರೀ ಇನ್ನೊಂದು ಬಾಗಿಲು, ಕೋಣೆ ಅದೇ.

"ಅಯ್ಯೋ ನನ್ನ ಕೈ ಸೇದಿಹೋಗ" ಎಂದು ಅಲ್ಲಿಯೇ ನೆಲದ ಮೇಲೆ ಕುಸಿದಳು. ಇಷ್ಟು ವರ್ಷದ ಬದುಕು. ಬೇರೆಯವರು ಹಾಳು ಮಾಡಿದ್ದರೆ ಶಾಪ ಹಾಕಿ ಎದೆ ಹಗುರ ಮಾಡಿಕೊಳ್ಳಬಹುದಿತ್ತು. ಯಾರಿಗೆ ಶಾಪ ಹಾಕುವುದು?

ಗಂಡ ಬಂದ. "ಕೊಕ್ಕರೆ ಕೊಡು, ಮೆಷಿನ್‌ಗೆ ಹಾಕ್ತೀನಿ" ಎಂದ. ಅವಳು ಬೆನ್ನು ತಿರುಗಿಸಿಯೇ "ಕಂಪ್ಯೂಟರಲ್ಲಿ ಏನೂ ಇಲ್ಲ" ಎಂದಳು. ಅವನು ತಮಾಷೆ ಎಂದುಕೊಂಡ. ಬಗ್ಗಿ ನೋಡಿದವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಆಗಲೇ ದವಡೆಗೆ ಹತ್ತಿ ಇಟ್ಟುಕೊಂಡ ಅತ್ತೆಯೂ ಅವರ ತೋಳು ಹಿಡಿದ ಚಿಕ್ಕವಳೂ ಒಳಗೆ ಬಂದರು.

"ಏನಾಯ್ತು?" ಎಂದಳು ಚಿಕ್ಕವಳು. ನೋಡಿದಳು. "ಅಕ್ಕ, ಯಾರಾದ್ರೂ ಮುಟ್ಟಿದ್ರಾ ಇದನ್ನ?"

"ನಾನ್ಯಾಕೆ ಮುಟ್ಲಿ? ಅದೆಲ್ಲ ನಿನ್ನ ವಿದ್ಯೆ. ನಂಗೇನು ಗೊತ್ತು?"

ಈ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದರ ರುಚಿ ದೊಡ್ಡತ್ತಿಗೆಗೆ ತಿಳಿದದ್ದು. ಅತ್ತೆ ಹತ್ತಿ ಉಗಿದು ಚಿಕ್ಕವಳ ಕಡೆ ತಿರುಗಿದರು. ಹಲ್ಲಿನ ನೋವು, ಹೊಟ್ಟೆಯ ಸಂಕಟ ಎರಡೂ ಸೇರಿದ್ದವು. "ಲಿಂಕು ಪಂಕು ಅಂತ ಏನೇನೋ ಮಾಡಿ ಇಟ್ಟೆ! ಸರಿಯಾಗಿ ನಡ್ಕೊಂಡು ಹೋಗ್ತಿತ್ತು. ಯಾರು ಕೇಳಿದ್ರು ನಿನ್ನ? ಎಲ್ಲ ತಿಳಿದವಳ ಹಾಗೆ! ಅವಳ ಕೈಕೆಲಸ ಅಷ್ಟೂ ನೀರುಪಾಲು ಮಾಡಿದ್ಯಲ್ಲೇ!"

ದೊಡ್ಡತ್ತಿಗೆಗೆ, ಅಷ್ಟು ದೊಡ್ಡ ದುಃಖದ ನಡುವೆಯೂ, ಒಂದು ಗಳಿಗೆ ಸುಖವೆನಿಸಿತು. ಆ ಬೈಗುಳಕ್ಕಾಗಿ ಅವಳು ಎಷ್ಟು ದಿನ ಕಾದಿದ್ದಳು! ಅದು ಬಂದೇಬಿಟ್ಟಿತ್ತು. ಬೆಲೆ ಮಾತ್ರ ಸ್ವಲ್ಪ ಜಾಸ್ತಿಯಾಗಿತ್ತು.

ಚಿಕ್ಕವಳು ಫೋನ್ ತೆಗೆದು ಏನೋ ಒತ್ತುತ್ತ ಹೋದಳು. ದೊಡ್ಡತ್ತಿಗೆ ಅವಳ ಹೆಗಲ ಹಿಂದೆಯೇ ನಿಂತಿದ್ದಳು, ನೋಡದೆ ಇರಲಾರಳು. ಕ್ಲೌಡಿಗೆ ಅದರದೇ ಒಂದು ಕಸದ ಬುಟ್ಟಿ ಇದೆ ಎಂದು ಅವಳಿಗೆ ಆಗ ಗೊತ್ತಾಯಿತು. ಇಲ್ಲಿ ಅಳಿಸಿದ್ದನ್ನು ಅದು ಅಲ್ಲಿ ಕೆಲವು ವಾರ ಇಟ್ಟುಕೊಂಡಿರುತ್ತದಂತೆ. ಬುಟ್ಟಿ ತೆರೆಯಿತು. ಕೊಕ್ಕರೆ, ಬ್ಯಾಡ್ಜು, ಟೋಪಿ, ಎಲ್ಲವೂ ಅಲ್ಲಿದ್ದವು. ದೊಡ್ಡತ್ತಿಗೆಯ ಹೋದ ಜೀವ ಬಂತು. ಬಂದ ಜೀವ ಮತ್ತೆ ಗಂಟಲಿಗೆ ಸಿಕ್ಕಿಕೊಂಡಿತು, ಯಾಕೆಂದರೆ ಹೆಸರುಗಳ ಮೇಲೆ ಇನ್ನೊಂದು ಸಾಲಿತ್ತು: ಇಂದು ಮಧ್ಯಾಹ್ನ, ಈ ಕಂಪ್ಯೂಟರಿನಿಂದ ಅಳಿಸಲಾಗಿದೆ.

ಮಧ್ಯಾಹ್ನ ಮನೆಯಲ್ಲಿ ಇದ್ದವಳು ಒಬ್ಬಳೇ.

"ಸಿಕ್ತಾ? ಎಲ್ಲಿ, ನೋಡೋಣ" ಎಂದು ಅತ್ತೆ ಬಗ್ಗಿದರು. ಚಿಕ್ಕವಳ ಹೆಬ್ಬೆರಳು ಸರಿದು ಆ ಸಾಲಿನ ಮೇಲೆ ಕೂತಿತು. "ಸಿಕ್ತು ಅತ್ತೆ. ಲಿಂಕ್ ನಾನೇ ಸರಿಯಾಗಿ ಹಾಕಿರಲಿಲ್ಲ ಅನ್ಸುತ್ತೆ. ನಂದೇ ತಪ್ಪು. ಎಲ್ಲ ವಾಪಸ್ ಬರುತ್ತೆ."

ಒಂದೊಂದಾಗಿ ಬಂದವು. ಗಂಡ ಕೊಕ್ಕರೆಯನ್ನು ಎತ್ತಿಕೊಂಡು ಮೆಷಿನ್ನಿನ ಹತ್ತಿರ ಓಡಿದ. ಅತ್ತೆ ಸ್ಟೂಲಿನ ಮೇಲೆ ಕೂತು, ಕತ್ತರಿ ಕೈಗೆ ತೆಗೆದುಕೊಂಡು, ಇನ್ನೂ ಆರದ ಸಿಟ್ಟಿನಲ್ಲಿ ಹೇಳಿದರು: "ದೊಡ್ಡವಳು ಇಷ್ಟು ವರ್ಷದಿಂದ ಆ ಕುರ್ಚೀಲಿ ಕೂತಿದ್ದಾಳೆ. ಒಂದೇ ಒಂದು ದಿನ ಹೀಗಾಗಿಲ್ಲ. ಅವಳ ಕೈಗೆ ಸಮ ಇಲ್ಲ ಈ ಮನೇಲಿ. ಅವಳನ್ನ ನೋಡಿ ಕಲಿ ಸ್ವಲ್ಪ. ಇನ್ಮೇಲೆ ನೀನು ಆ ಕಂಪ್ಯೂಟರ್ ಮುಟ್ಬೇಡ."

ಅಬ್ಬಾ! ಅತ್ತೆ, ಎದುರಿಗೇ, ಎಲ್ಲರ ಮುಂದೆ! ಇಷ್ಟು ವರ್ಷ ಕಾದ ಮಾತು, ಕೇಳಿದ್ದಕ್ಕಿಂತ ಹೆಚ್ಚೇ ಬಡಿಸಿದ್ದರು. ದೊಡ್ಡತ್ತಿಗೆಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆ ಮಾತಿನ ಬೆಲೆ ಗೊತ್ತಿದ್ದ ಇನ್ನೊಂದು ಜೀವ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿತ್ತು.

ಅತ್ತೆ ಮುಖ ತೊಳೆಯಲು ಹೋದಾಗ ಅವಳು ಚಿಕ್ಕವಳ ತೋಳು ಹಿಡಿದು ದಾರದ ಕಪಾಟಿನ ಮರೆಗೆ ಎಳೆದಳು. "ಯಾಕೆ ಹೇಳ್ಲಿಲ್ಲ? ಗೊತ್ತಾಗಿದೆ ನಿಂಗೆ. ಯಾಕೆ ಹೇಳ್ಲಿಲ್ಲ?" ಕೇಳಿದ ರೀತಿ ಜಗಳದ್ದೇ. ನಾನಾಗಿದ್ದರೆ ಎಲ್ಲರ ಮುಂದೆ ಫೋನ್ ಎತ್ತಿ ಹಿಡಿದಿರುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು, ಇವಳಿಗೆ ಈ ದೊಡ್ಡಸ್ತಿಕೆ ಎಲ್ಲಿಂದ ಬಂತು ಎಂದು ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

"ಹೇಳಿದ್ರೆ ನೀವು ಮತ್ತೆ ಆ ಕುರ್ಚೀಲಿ ಕೂರ್ತಿದ್ರಾ?" ಎಂದಳು ಚಿಕ್ಕವಳು. "ನೀವು ಕೂರದೇ ಇದ್ರೆ ಮೆಷಿನ್‌ಗೆ ಏನು ಹಾಕೋದು? ನಂಗೆ ಒಂದು ಎಲೆ ಬಿಡಿಸೋಕೆ ಬರಲ್ಲ. ಎಷ್ಟು ಸಲ ಪ್ರಯತ್ನಪಟ್ಟಿದ್ದೀನಿ, ನೀವು ಮೇಲೆ ಹೋದಾಗ."

ದೊಡ್ಡತ್ತಿಗೆ ಅವಳ ತೋಳು ಬಿಟ್ಟಳು.

"ನಿಮ್ಮನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ಅಕ್ಕ? ಈ ಮನೆಗೆ ಕಾಲಿಟ್ಟಾಗಿಂದ. ಯಾರು ಬಂದ್ರೂ ದೊಡ್ಡತ್ತಿಗೆ, ದೊಡ್ಡತ್ತಿಗೆ. ನಾನು ಬಟ್ಟೆಯ ಬೆನ್ನು ಯಾವ್ದು ಅಂತ ಕೇಳ್ಕೊಂಡು ಓಡಾಡೋಳು. ಅವತ್ತು ಆ ಮ್ಯಾನೇಜರಮ್ಮ ಚೆನ್ನಾಗಿ ಮಾಡಿದ್ದೀರ ಅಂದ್ರಲ್ಲ, ಒಂದೇ ಒಂದು ಗಳಿಗೆ, ಹೌದು ನಾನೇ ಅನ್ನೋಣ ಅನ್ನಿಸ್ತು." ಮೂಗು ಒರೆಸಿಕೊಂಡಳು. "ನನ್ನ ಕೈಲಿ ಆಗಿದ್ದು ಆ ಲಿಂಕ್ ಒಂದೇ. ಅದಕ್ಕೆ ಅತ್ತೆ ಒಂದ್ಸಲ ಹೊಗಳಿದ್ರು. ಇನ್ಮೇಲೆ ಅದೂ ಇಲ್ಲ."

ಅಷ್ಟು ಹೇಳಿ ಅವಳು ಮೇಲೆ ಹೊರಟುಹೋದಳು. ದೊಡ್ಡತ್ತಿಗೆ ದಾರದ ಉಂಡೆಗಳ ಮುಂದೆ ಒಬ್ಬಳೇ ಉಳಿದಳು. ಮೆಷಿನ್ ಶುರುವಾಗಿತ್ತು, ನೆಲ ಸಣ್ಣಗೆ ನಡುಗುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಎಲ್ಲವೂ ಅವಳದೇ: ಕುರ್ಚಿ, ಡಿಸೈನು, ಅತ್ತೆಯ ಮಾತು. ಹೇಳಿದರೆ ಏನಾಗುತ್ತದೆ ಎಂದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಚಿಕ್ಕವಳನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಎಂಥ ಮನಸ್ಸು ಅವಳದು ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅದನ್ನು ಬದುಕಿರುವ ತನಕ ಕೇಳಿಸಿಕೊಳ್ಳಬೇಕು, ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಉರಿಯಲಿ ಹಾಳಾಗಿ, ಎಂದುಕೊಂಡಳು.

ಅತ್ತೆ ಮುಖ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಮೇಲೆ ಕೂತರು. ದೊಡ್ಡತ್ತಿಗೆ ಎದುರು ಹೋಗಿ ನಿಂತಳು. "ಅತ್ತೆ, ಅಳಿಸಿದ್ದು ನಾನು. ಬೇಕು ಅಂತಲೇ ಅಳಿಸಿದೆ. ಅವಳದು ಹಾಳಾಗ್ಲಿ ಅಂತ ಹೋಗಿ ನಂದನ್ನೇ ಅಳಿಸ್ಕೊಂಡೆ. ಉಳಿಸಿದ್ದು ಅವಳು."

ಅತ್ತೆ ಕತ್ತರಿ ಕೈಗೆತ್ತಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋಗಿ ಅವಳನ್ನ ಕರ್ಕೊಂಡು ಬಾ" ಎಂದರು.

ಕರೆದುಕೊಂಡು ಬಂದಳು. ಅತ್ತೆ ಕತ್ತರಿ ಕೆಳಗಿಟ್ಟು ಚಿಕ್ಕವಳ ಎರಡೂ ಕೈ ಹಿಡಿದುಕೊಂಡು, ಹತ್ತಿರ ಕೂರಿಸಿಕೊಂಡು, ಅವಳ ತಲೆ ಸವರಿದರು. ಅಷ್ಟು ವರ್ಷದಲ್ಲಿ ಅತ್ತೆಯ ಹೆಬ್ಬೆರಳು ದೊಡ್ಡತ್ತಿಗೆಯ ಹೊಲಿಗೆಯನ್ನು ಸವರಿತ್ತು, ತಲೆಯನ್ನು ಸವರಿದ್ದು ಅವಳಿಗೆ ನೆನಪಿಲ್ಲ. ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ಮೇಲೆ ಹೋಗಿ ಕದ ಹಾಕಿಕೊಳ್ಳೋಣ ಎನಿಸಿತು. ಹೋಗಲಿಲ್ಲ. ಕಂಪ್ಯೂಟರಿನ ಮುಂದಿದ್ದ ತನ್ನ ಕುರ್ಚಿಯನ್ನು ಚಿಕ್ಕವಳಿಗಾಗಿ ಎಳೆದಿಟ್ಟಳು.

"ಬಾ, ಆ ಲಿಂಕ್ ತೆಗೆದು ಇನ್ನೊಂದ್ಸಲ ಹಾಕು" ಎಂದಳು. "ಈ ಸಲ ಸರಿಯಾಗಿ ಹೇಳಿಕೊಡು. ಕೇಳಿಸ್ಕೋತೀನಿ."